ಬೈಲಕುಪ್ಪೆಯ ಹುಡುಗ ಯಾವ ದೇಶಕ್ಕೆ ಆಡಬೇಕು?

ಮೈಸೂರಿನಿಂದ ಮಡಿಕೇರಿಯ ಕಡೆಗೆ ಹೋಗುವಾಗ ಕುಶಾಲನಗರಕ್ಕೆ ಸ್ವಲ್ಪ ಮೊದಲು ಎಡಕ್ಕೆ ತಿರುಗಿದರೆ ಬೈಲಕುಪ್ಪೆಯ ಟಿಬೆಟ್ ಕ್ಯಾಂಪುಗಳು ಸಿಗುತ್ತವೆ. ಪ್ರವಾಸಿಗರು ಸಾಮಾನ್ಯವಾಗಿ ಸ್ವರ್ಣಮಂದಿರ ನೋಡಿ, ಒಂದು ತಟ್ಟೆ ಮೊಮೊ ತಿಂದು, ಬಸ್ಸು ಹತ್ತಿಬಿಡುತ್ತಾರೆ. ಸಂಜೆಯವರೆಗೆ ನಿಂತವರಿಗೆ ಇನ್ನೊಂದು ದೃಶ್ಯ ಕಾಣುತ್ತದೆ. ಜೋಳದ ಹೊಲಗಳ ಪಕ್ಕದ ಬಯಲಿನಲ್ಲಿ ಎರಡು ಕಲ್ಲುಗಳನ್ನೇ ಗೋಲು ಕಂಬ ಮಾಡಿಕೊಂಡು ಹುಡುಗರು ಫುಟ್‌ಬಾಲ್ ಆಡುತ್ತಿರುತ್ತಾರೆ. ಚೆಂಡು ಹಾದಿಗೆ ಬಂದರೆ ನಮ್ಮೊಡನೆ ಕನ್ನಡದಲ್ಲಿ ಮಾತನಾಡುತ್ತಾರೆ, ತಿರುಗಿ ತಮ್ಮವರೊಡನೆ ಟಿಬೆಟಿ ಭಾಷೆಯಲ್ಲಿ ಕೂಗಾಡುತ್ತಾರೆ.

ಅವರಲ್ಲಿ ಒಬ್ಬ ಹುಡುಗ ನಿಜಕ್ಕೂ ಚೆನ್ನಾಗಿ ಆಡುತ್ತಾನೆ ಎಂದುಕೊಳ್ಳಿ. ಅವನು ಹುಟ್ಟಿದ್ದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ಅಜ್ಜ ಬಂದದ್ದು ಟಿಬೆಟ್‌ನಿಂದ. ಅವನು ರಾಷ್ಟ್ರೀಯ ತಂಡಕ್ಕೆ ಆಡುವುದಾದರೆ ಯಾವ ರಾಷ್ಟ್ರದ ತಂಡಕ್ಕೆ?

ಟಿಬೆಟ್‌ಗೆ ಒಂದು ಫುಟ್‌ಬಾಲ್ ತಂಡವಿದೆ. ಅದಕ್ಕೆ ಜೆರ್ಸಿ ಇದೆ, ಧ್ವಜ ಇದೆ, ನಾಡಗೀತೆ ಇದೆ, ಧರ್ಮಶಾಲಾದಲ್ಲಿ ಟಿಬೆಟನ್ ನ್ಯಾಷನಲ್ ಸ್ಪೋರ್ಟ್ಸ್ ಅಸೋಸಿಯೇಷನ್ ಎಂಬ ಆಡಳಿತ ಸಂಸ್ಥೆಯೂ ಇದೆ. ಆದರೆ ಜಾಗತಿಕ ಫುಟ್‌ಬಾಲ್ ಒಕ್ಕೂಟವಾದ ಫಿಫಾದ ದಾಖಲೆಯಲ್ಲಿ ಅದು ಇಲ್ಲ. ಏಕೆ ಇಲ್ಲ ಎಂಬುದಕ್ಕೆ 'ಚೀನಾ ಬಿಡುವುದಿಲ್ಲ' ಎಂಬ ಒಂದು ಸಾಲಿನ ಉತ್ತರ ಎಲ್ಲರ ಬಾಯಲ್ಲೂ ಇದೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಉಳಿದ ಅರ್ಧ ನಿಯಮ ಪುಸ್ತಕದಲ್ಲಿದೆ.

ವಿಶ್ವಸಂಸ್ಥೆಯಲ್ಲಿ 193 ಸದಸ್ಯ ರಾಷ್ಟ್ರಗಳಿವೆ, ಫಿಫಾದಲ್ಲಿ 211 ಸದಸ್ಯ ಸಂಘಗಳಿವೆ. ಹಾಗಾದರೆ ದೇಶವಲ್ಲದ ಜಾಗಗಳೂ ಫಿಫಾದೊಳಗೆ ಬಂದಿವೆ ಎಂದಾಯಿತು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ನಾಲ್ಕೂ ಒಂದೇ ರಾಷ್ಟ್ರದ ಭಾಗಗಳು. ಆಟ ಹುಟ್ಟಿದ್ದೇ ಅಲ್ಲಿ, ಅವುಗಳ ಸಂಘಗಳು ಫಿಫಾಗಿಂತ ಹಳೆಯವು ಎಂಬ ಕಾರಣಕ್ಕೆ ನಾಲ್ಕಕ್ಕೂ ಪ್ರತ್ಯೇಕ ಸ್ಥಾನ. ಉಳಿದವರಿಗೆ ನಿಯಮ ಬಿಗಿಯಾಗಿದೆ. ಒಂದು ದೇಶಕ್ಕೆ ಒಂದೇ ಸಂಘ, ಮತ್ತು ದೇಶ ಎಂದರೆ ಅಂತರರಾಷ್ಟ್ರೀಯ ಸಮುದಾಯ ಮಾನ್ಯ ಮಾಡಿದ ಸ್ವತಂತ್ರ ರಾಷ್ಟ್ರ. ಇನ್ನೂ ಸ್ವತಂತ್ರವಾಗದ ಪ್ರದೇಶವೊಂದು ಸದಸ್ಯತ್ವ ಕೇಳಬೇಕಾದರೆ, ಅದು ಯಾವ ದೇಶಕ್ಕೆ ಒಳಪಟ್ಟಿದೆಯೋ ಆ ದೇಶದ ಫುಟ್‌ಬಾಲ್ ಸಂಘದ ಒಪ್ಪಿಗೆ ಬೇಕು. ಅದಕ್ಕೂ ಮೊದಲು ತನ್ನ ಖಂಡದ ಒಕ್ಕೂಟದಲ್ಲಿ ಸದಸ್ಯನಾಗಿರಬೇಕು.

ಈ ಒಪ್ಪಿಗೆಯ ಷರತ್ತು ಎಷ್ಟು ದೊಡ್ಡದು ಎಂಬುದು ಫೇರೋ ದ್ವೀಪಗಳನ್ನು ನೋಡಿದರೆ ತಿಳಿಯುತ್ತದೆ. ಉತ್ತರ ಅಟ್ಲಾಂಟಿಕ್‌ನಲ್ಲಿರುವ, ಡೆನ್ಮಾರ್ಕಿಗೆ ಸೇರಿದ ಪುಟ್ಟ ದ್ವೀಪಸಮೂಹ ಅದು. ಡೆನ್ಮಾರ್ಕ್ ತಕರಾರು ಮಾಡಲಿಲ್ಲ, 1988ರಲ್ಲಿ ಫಿಫಾ ಸದಸ್ಯತ್ವ ಸಿಕ್ಕಿತು. 1990ರ ಸೆಪ್ಟೆಂಬರಿನಲ್ಲಿ ಆ ತಂಡ ತನ್ನ ಮೊದಲ ಅರ್ಹತಾ ಪಂದ್ಯದಲ್ಲಿಯೇ ಆಸ್ಟ್ರಿಯಾವನ್ನು 1-0ರಿಂದ ಸೋಲಿಸಿತು. ಹಾಂಗ್‌ಕಾಂಗ್ ಮತ್ತು ಮಕಾವ್ ಚೀನಾದ ಭಾಗಗಳಾಗಿದ್ದರೂ ಎರಡಕ್ಕೂ ಪ್ರತ್ಯೇಕ ಸದಸ್ಯತ್ವವಿದೆ, ಬ್ರಿಟನ್ ಮತ್ತು ಪೋರ್ಚುಗಲ್ ಆಳ್ವಿಕೆಯ ಕಾಲದಿಂದ ಉಳಿದು ಬಂದ ಸ್ಥಾನಗಳನ್ನು ಚೀನಾ ಮುಂದುವರಿಸಲು ಬಿಟ್ಟಿತು. ಅಂದರೆ ಚೀನಾದ ನೆಲದಿಂದ ಒಂದಕ್ಕಿಂತ ಹೆಚ್ಚು ತಂಡಗಳು ಆಡುವುದು ನಿಯಮದ ದೃಷ್ಟಿಯಿಂದ ಅಸಾಧ್ಯವೇನಲ್ಲ. ಟಿಬೆಟ್‌ಗೆ ಇಲ್ಲದಿರುವುದು ಆ ಒಪ್ಪಿಗೆ.

ಒಪ್ಪಿಗೆ ಇಲ್ಲದೆಯೂ ಒಳಗೆ ಬಂದವರಿದ್ದಾರೆ. ಜಿಬ್ರಾಲ್ಟರ್ ಬ್ರಿಟನ್ನಿನ ಅಧೀನದಲ್ಲಿದೆ, ಅದರ ಮೇಲೆ ಸ್ಪೇನ್ ಹಕ್ಕು ಹೇಳುತ್ತದೆ. ಸ್ಪೇನಿನ ವಿರೋಧದಿಂದ ಅದರ ಅರ್ಜಿ ವರ್ಷಗಟ್ಟಲೆ ಕೊಳೆಯಿತು. ಅವರು ಪಟ್ಟು ಬಿಡದೆ ಲಾಸೇನ್‌ನ ಕ್ರೀಡಾ ನ್ಯಾಯಮಂಡಳಿಯ ಮೆಟ್ಟಿಲೇರಿದರು, 2013ರಲ್ಲಿ ಯುರೋಪಿನ ಒಕ್ಕೂಟಕ್ಕೂ 2016ರಲ್ಲಿ ಫಿಫಾಗೂ ಸೇರಿದರು. ಅದೇ 2016ರಲ್ಲಿ, ಸರ್ಬಿಯಾದಿಂದ ಬೇರೆಯಾದ ಕೊಸೊವೊ ಕೂಡ ಸೇರಿತು. ವಿಶ್ವಸಂಸ್ಥೆಯಲ್ಲಿ ಸ್ಥಾನವಿಲ್ಲದಿದ್ದರೂ ನೂರಕ್ಕೂ ಹೆಚ್ಚು ದೇಶಗಳು ಅದನ್ನು ಮಾನ್ಯ ಮಾಡಿದ್ದವು. ಟಿಬೆಟ್ ಈ ಎರಡೂ ದಾರಿಗಳನ್ನು ಹಿಡಿಯುವಂತಿಲ್ಲ. ಧರ್ಮಶಾಲಾದಲ್ಲಿರುವ ಟಿಬೆಟಿಯನ್ ಆಡಳಿತವನ್ನು ಸರ್ಕಾರವೆಂದು ಜಗತ್ತಿನ ಯಾವ ದೇಶವೂ ಮಾನ್ಯ ಮಾಡಿಲ್ಲ. ಆಶ್ರಯ ಕೊಟ್ಟಿರುವ ಭಾರತವೇ 2003ರಲ್ಲಿ ಟಿಬೆಟ್ ಸ್ವಾಯತ್ತ ಪ್ರದೇಶವು ಚೀನಾದ ಭಾಗವೆಂದು ಬರವಣಿಗೆಯಲ್ಲಿ ಒಪ್ಪಿಕೊಂಡಿದೆ. ಜಿಬ್ರಾಲ್ಟರಿನವರಿಗೆ ಕನಿಷ್ಠ ತಮ್ಮದೇ ಆದ ಮೈದಾನವಿತ್ತು. ಟಿಬೆಟ್ ತಂಡದ ಆಟಗಾರರಲ್ಲಿ ಬಹುತೇಕರು ತಾವು ಪ್ರತಿನಿಧಿಸುವ ನೆಲವನ್ನು ಕಣ್ಣಾರೆ ಕಂಡವರೇ ಅಲ್ಲ.

ಹಾಗೆಂದು ಫುಟ್‌ಬಾಲ್ ಟಿಬೆಟಿಯನ್ನರಿಗೆ ದೇಶ ಬಿಟ್ಟ ಮೇಲೆ ಅಂಟಿದ ಗೀಳಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಟಿಬೆಟ್‌ನ ಗ್ಯಾಂಟ್ಸೆ ಪಟ್ಟಣದಲ್ಲಿ ಬೀಡುಬಿಟ್ಟ ಬ್ರಿಟಿಷ್ ಸಿಬ್ಬಂದಿಯೊಡನೆ ಚೆಂಡು ಅಲ್ಲಿಗೆ ಹೋಯಿತು. 1930ರ ದಶಕದಲ್ಲಿ ಲ್ಹಾಸಾದಲ್ಲಿಯೇ ತಂಡಗಳಿದ್ದವು. ಸಮುದ್ರ ಮಟ್ಟದಿಂದ 3,650 ಮೀಟರ್ ಎತ್ತರ, ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬರುವ ಗಾಳಿ. ಆದರೂ ಆಟ ಜನರಿಗೆ ಹಿಡಿಸಿತು. ಒಮ್ಮೆ ಪಂದ್ಯ ನಡೆಯುತ್ತಿದ್ದಾಗ ಆಲಿಕಲ್ಲು ಮಳೆ ಬಿತ್ತು, ಆಮೇಲೆ ಆಟವನ್ನೇ ನಿಷೇಧಿಸಲಾಯಿತು ಎಂದು ಆ ಕಾಲದಲ್ಲಿ ಲ್ಹಾಸಾದಲ್ಲಿ ನೆಲೆಸಿದ್ದ ಯುರೋಪಿಯನ್ನರು ದಾಖಲಿಸಿದ್ದಾರೆ. ನಮಗೆ ಇದು ವಿಚಿತ್ರವಾಗಿ ಕಾಣಬಹುದು. ಬಾರ್ಲಿಯ ಬೆಳೆಯ ಮೇಲೆಯೇ ವರ್ಷವಿಡೀ ಬದುಕಬೇಕಾದ ಊರಿನಲ್ಲಿ ಆಲಿಕಲ್ಲು ಎಂದರೆ ಬರಗಾಲದ ಮುನ್ಸೂಚನೆ. ಆಲಿಕಲ್ಲನ್ನು ತಡೆಯಲೆಂದೇ ಮಂತ್ರ ಹೇಳುವವರನ್ನು ನೇಮಿಸಿಕೊಳ್ಳುತ್ತಿದ್ದ ಸಮಾಜ ಅದು.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಜನ ಬಂದರು. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯಗಳಲ್ಲಿಯೂ ವಸತಿಗಳು ಬಂದವು. ಕಾಡು ಕಡಿದು ಹೊಲ ಮಾಡಿದ ಮೊದಲ ತಲೆಮಾರಿನವರ ಮಕ್ಕಳು ಶಾಲೆಗಳಲ್ಲಿ ಫುಟ್‌ಬಾಲ್ ಕಲಿತರು. ಹಿಮಾಚಲ, ಡೆಹ್ರಾಡೂನ್, ಡಾರ್ಜಿಲಿಂಗ್, ಕರ್ನಾಟಕ, ನೇಪಾಳ ಎಂದು ಚದುರಿ ಹೋದ ಜನರಿಗೆ ಒಂದೇ ಕಡೆ ಸೇರಲು ಹಬ್ಬಗಳ ಜೊತೆಗೆ ಈ ಆಟವೂ ನೆಪವಾಯಿತು. ಆದರೆ ಚೀನಾದ ವಿರೋಧವನ್ನು ಲೆಕ್ಕಿಸದೆ ಅವರೊಡನೆ ಆಡಲು ಒಪ್ಪುವ ಎದುರಾಳಿ ಎಲ್ಲಿ ಸಿಗಬೇಕು?

ಆ ಎದುರಾಳಿಯನ್ನು ಹುಡುಕಿ ತಂದವನು ಮೈಕೆಲ್ ನೈಬ್ರಾಂಟ್ ಎಂಬ ಡೆನ್ಮಾರ್ಕಿನ ಯುವಕ. ಟಿಬೆಟ್‌ನಲ್ಲಿ ಸೈಕಲ್ ತುಳಿದು ಸುತ್ತಾಡಿ ಬಂದಿದ್ದ ಅವನಿಗೆ ಟಿಬೆಟ್ ತಂಡ ಕಟ್ಟುವ ಹುಚ್ಚು ಹಿಡಿಯಿತು. ಧರ್ಮಶಾಲಾಕ್ಕೆ ಹೋಗಿ ಅಲ್ಲಿನವರನ್ನು ಒಪ್ಪಿಸಿದ. ಡೆನ್ಮಾರ್ಕಿನ ಹುಮ್ಮೆಲ್ ಕಂಪನಿ ಜೆರ್ಸಿ ಕೊಟ್ಟಿತು, ಡ್ಯಾನಿಷ್ ಕೋಚ್ ಯೆನ್ಸ್ ಎಸ್ಪೆನ್ಸೆನ್ ತರಬೇತಿಗೆ ಬಂದರು. ಎದುರಾಳಿ ಗ್ರೀನ್‌ಲ್ಯಾಂಡ್.

ಗ್ರೀನ್‌ಲ್ಯಾಂಡ್ ಏಕೆ ಎಂಬುದರಲ್ಲಿಯೇ ಈ ಇಡೀ ವ್ಯವಸ್ಥೆಯ ಗುಟ್ಟು ಇದೆ. ಫಿಫಾ ಸದಸ್ಯ ಸಂಘಗಳು ಸದಸ್ಯರಲ್ಲದವರ ಜೊತೆ ತಮ್ಮಷ್ಟಕ್ಕೆ ಆಡುವಂತಿಲ್ಲ. ಆಡಿದರೆ ಶಿಸ್ತುಕ್ರಮದ ಭಯ. ಹಾಗಾಗಿ ಹೊರಗಿರುವವನಿಗೆ ಹೊರಗಿರುವವನೇ ಜೊತೆಗಾರ. ಗ್ರೀನ್‌ಲ್ಯಾಂಡ್ ಕೂಡ ಫೇರೋ ದ್ವೀಪಗಳಂತೆ ಡೆನ್ಮಾರ್ಕಿಗೆ ಸೇರಿದ್ದು, ಆದರೆ ಫಿಫಾದ ಹೊರಗೇ ಉಳಿದಿತ್ತು. ಇವತ್ತಿಗೂ ಹೊರಗೇ ಇದೆ. ಉತ್ತರ ಮತ್ತು ಮಧ್ಯ ಅಮೆರಿಕದ ಒಕ್ಕೂಟಕ್ಕೆ ಅದು ಹಾಕಿದ ಅರ್ಜಿ 2025ರ ಜೂನ್‌ನಲ್ಲಿ ತಿರಸ್ಕೃತವಾಯಿತು. ಫಿಫಾದಿಂದ ಕಳೆದುಕೊಳ್ಳುವುದಕ್ಕೆ ಅದರ ಬಳಿ ಏನೂ ಇರಲಿಲ್ಲ. ಚೀನಾದಿಂದ ಮಾತ್ರ ಇತ್ತು. ಗ್ರೀನ್‌ಲ್ಯಾಂಡಿನ ಬದುಕು ನಿಂತಿರುವುದೇ ಮೀನು ಮತ್ತು ಸಿಗಡಿಯ ಮೇಲೆ, ಆ ಸಿಗಡಿಗೆ ಚೀನಾ ದೊಡ್ಡ ಗಿರಾಕಿ. ಪಂದ್ಯ ನಡೆದರೆ ಖರೀದಿ ನಿಲ್ಲಬಹುದು ಎಂಬ ಬೆದರಿಕೆ ಬಂತು. ಡೆನ್ಮಾರ್ಕ್ ಸರ್ಕಾರದ ಮೇಲೆ ಒತ್ತಡ ಬಂತು, ಡ್ಯಾನಿಷ್ ಫುಟ್‌ಬಾಲ್ ಸಂಘ ಹಿಂದೆ ಸರಿಯಿತು. ಗ್ರೀನ್‌ಲ್ಯಾಂಡಿನವರು ಹಿಂದೆ ಸರಿಯಲಿಲ್ಲ. ಸುಮಾರು ಐವತ್ತಾರು ಸಾವಿರ ಜನರಿರುವ ನಾಡು ಅದು, ನಮ್ಮ ಒಂದು ಸಾಧಾರಣ ತಾಲ್ಲೂಕು ಕೇಂದ್ರದಷ್ಟು. ಅವರ ಆ ಗಟ್ಟಿತನವನ್ನು ನೆನೆದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ.

ಇನ್ನೊಂದು ಅಡ್ಡಿ ಟಿಬೆಟಿಯನ್ ಆಟಗಾರರ ಜೇಬಿನಲ್ಲಿತ್ತು. ಭಾರತದಲ್ಲಿರುವ ಟಿಬೆಟಿಯನ್ನರಲ್ಲಿ ಹೆಚ್ಚಿನವರ ಬಳಿ ಪಾಸ್‌ಪೋರ್ಟ್ ಇಲ್ಲ. ಇಲ್ಲಿ ಇರುವುದಕ್ಕೆ ಆರ್‌ಸಿ, ಅಂದರೆ ನೋಂದಣಿ ಪತ್ರ. ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಹೊರದೇಶಕ್ಕೆ ಹೋಗುವುದಕ್ಕೆ ಭಾರತ ಸರ್ಕಾರ ಕೊಡುವ ಹಳದಿ ರಟ್ಟಿನ ಗುರುತಿನ ಪತ್ರ, ಎಲ್ಲರೂ ಐಸಿ ಎಂದು ಕರೆಯುವುದು. ಆ ಹಳದಿ ಪುಸ್ತಕವೊಂದೇ ಸಾಲದು. ಅದರಲ್ಲಿ ಭಾರತಕ್ಕೆ ಮರಳಿ ಬರಲು ಅಡ್ಡಿಯಿಲ್ಲ ಎಂಬ ಮುದ್ರೆ ಇರಬೇಕು, ದೇಶ ಬಿಡಲು ಅನುಮತಿ ಬೇಕು, ಆಮೇಲೆ ಹೋಗುವ ದೇಶದ ವೀಸಾ ಬೇಕು. ವಿಮಾನ ನಿಲ್ದಾಣದ ಎಷ್ಟೋ ಅಧಿಕಾರಿಗಳು ಅಂಥ ಪುಸ್ತಕವನ್ನು ನೋಡಿಯೇ ಇರುವುದಿಲ್ಲ. ಕ್ರಿಕೆಟ್ ತಂಡದ ಆಯ್ಕೆಯಲ್ಲಿ ನಾವು ಫಾರ್ಮ್, ಫಿಟ್‌ನೆಸ್ ಎಂದು ಚರ್ಚಿಸುತ್ತೇವೆ. ಇಲ್ಲಿ ಯಾರ ಕಾಗದ ಪತ್ರ ಸರಿಯಾಗಿದೆ ಎಂಬುದೂ ಆಯ್ಕೆಯ ಮಾನದಂಡ.

2001ರ ಜೂನ್ 30ರಂದು ಕೋಪನ್‌ಹೇಗನ್‌ನ ವ್ಯಾನ್ಲೋಸ ಮೈದಾನದಲ್ಲಿ ಪಂದ್ಯ ನಡೆಯಿತು. ಸುಮಾರು ಐದು ಸಾವಿರ ಜನ ಸೇರಿದ್ದರು. ಗ್ರೀನ್‌ಲ್ಯಾಂಡಿನ ಕೋಚ್ ಸೆಪ್ ಪಿಯಾಂಟೆಕ್, 1986ರ ವಿಶ್ವಕಪ್‌ಗೆ ಡೆನ್ಮಾರ್ಕ್ ತಂಡವನ್ನು ಕೊಂಡೊಯ್ದಿದ್ದವರು. ಎದುರಿಗೆ ಭಾರತ ಮತ್ತು ನೇಪಾಳದ ನಿರಾಶ್ರಿತ ವಸತಿಗಳಿಂದ ಬಂದ ಹುಡುಗರು. ಮೈದಾನದಲ್ಲಿ ಟಿಬೆಟ್‌ನ ಹಿಮಸಿಂಹದ ಧ್ವಜ ಏರಿತು, ನಾಡಗೀತೆ ಮೊಳಗಿತು. ಟಿಬೆಟ್‌ನೊಳಗೆ ಅದೇ ಧ್ವಜವನ್ನು ಹಿಡಿದವರು ಜೈಲಿಗೆ ಹೋಗುತ್ತಾರೆ ಎಂಬುದು ಅಲ್ಲಿ ನಿಂತಿದ್ದ ಪ್ರತಿಯೊಬ್ಬ ಆಟಗಾರನಿಗೂ ಗೊತ್ತಿತ್ತು. ಮೊದಲ ಗೋಲು ಹೊಡೆದದ್ದು ಟಿಬೆಟ್! ಕೊನೆಗೆ ಗ್ರೀನ್‌ಲ್ಯಾಂಡ್ 4-1ರಿಂದ ಗೆದ್ದಿತು. ಆದರೆ ಆ ಮೊದಲ ಗೋಲಿನಿಂದ ಎದುರಾಳಿಯ ಮೊದಲ ಗೋಲಿನವರೆಗಿನ ಅಷ್ಟೂ ಹೊತ್ತು ಟಿಬೆಟ್ ಎಂಬ ಹೆಸರು ಫಲಕದಲ್ಲಿ ಮುಂದಿತ್ತು.

ಅಲ್ಲಿಂದ ಮುಂದಿನ ಫಲಿತಾಂಶಗಳನ್ನು ಮರೆಮಾಚುವ ಅಗತ್ಯವಿಲ್ಲ. 2006ರಲ್ಲಿ ಜರ್ಮನಿ ವಿಶ್ವಕಪ್‌ಗೆ ಸಜ್ಜಾಗುತ್ತಿದ್ದಾಗ ಹ್ಯಾಂಬರ್ಗಿನ ಸೇಂಟ್ ಪೌಲಿ ಕ್ಲಬ್ಬಿನ ಮೈದಾನದಲ್ಲಿ ಫಿಫಾದ ಹೊರಗಿನವರಿಗೆಂದೇ ಒಂದು ಟೂರ್ನಿ ನಡೆಯಿತು. ಗ್ರೀನ್‌ಲ್ಯಾಂಡ್, ಜಾಂಜಿಬಾರ್, ಉತ್ತರ ಸೈಪ್ರಸ್, ಜಿಬ್ರಾಲ್ಟರ್, ಟಿಬೆಟ್ ಮತ್ತು ಆತಿಥೇಯ ಸೇಂಟ್ ಪೌಲಿ ಆಡಿದವು. ಟಿಬೆಟ್ ಸೇಂಟ್ ಪೌಲಿಗೆ 0-7, ಜಿಬ್ರಾಲ್ಟರಿಗೆ 0-5ರಿಂದ ಸೋತಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಜಿಬ್ರಾಲ್ಟರ್ ಫಿಫಾ ಸದಸ್ಯ. ಟಿಬೆಟ್ ಇದ್ದಲ್ಲೇ ಇತ್ತು. ಆ ಸೋಲುಗಳಿಗೂ ಸದಸ್ಯತ್ವಕ್ಕೂ ಸಂಬಂಧವಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಸೋಲುವ ತಂಡಗಳು ಫಿಫಾದೊಳಗೂ ಬೇಕಾದಷ್ಟಿವೆ. ಆದರೆ ಸದಸ್ಯನಾದವನಿಗೆ ಮೈದಾನ ಕಟ್ಟಲು, ಕೋಚ್‌ಗಳನ್ನು ತಯಾರು ಮಾಡಲು ಫಿಫಾದಿಂದ ಹಣ ಬರುತ್ತದೆ, ನಿಯಮಿತವಾಗಿ ಪಂದ್ಯಗಳು ಸಿಗುತ್ತವೆ. ಹೊರಗಿರುವವನು ಪ್ರತಿ ಟೂರ್ನಿಗೂ ಚಂದಾ ಎತ್ತಬೇಕು, ವೀಸಾಕ್ಕೆ ಅಲೆಯಬೇಕು, ಇರುವ ಕೆಲಸಕ್ಕೆ ರಜೆ ಹಾಕಿ ಬಂದ ಆಟಗಾರರನ್ನು ಕೆಲವೇ ವಾರಗಳಲ್ಲಿ ತಂಡವಾಗಿ ಹೊಂದಿಸಬೇಕು.

ಇಂಥ ತಂಡಗಳನ್ನೆಲ್ಲ ಒಂದು ಸೂರಿನಡಿ ತರಲು 2013ರಲ್ಲಿ ಹುಟ್ಟಿದ ಸಂಸ್ಥೆ ಕೊನಿಫಾ. ಅದರ ಮೊದಲ ಅಧ್ಯಕ್ಷ ಪೆರ್-ಆಂಡರ್ಸ್ ಬ್ಲಿಂಡ್ ಸ್ಕ್ಯಾಂಡಿನೇವಿಯಾದ ಉತ್ತರ ತುದಿಯ ಸಾಮಿ ಜನಾಂಗದವರು. ಅಲ್ಪಸಂಖ್ಯಾತ ಜನಾಂಗಗಳು, ಮಾನ್ಯತೆಯಿಲ್ಲದ ನಾಡುಗಳು, ವಲಸೆ ಸಮುದಾಯಗಳು, ಫಿಫಾದಲ್ಲಿ ಇಲ್ಲದ ಪುಟ್ಟ ದ್ವೀಪಗಳು ಎಲ್ಲಕ್ಕೂ ಅಲ್ಲಿ ಜಾಗವಿದೆ. ತಮಿಳ್ ಈಳಂ, ಬ್ರಿಟನ್ನಿನಲ್ಲಿ ನೆಲೆಸಿದ ಪಂಜಾಬಿಗಳ ಪಂಜಾಬ್ ತಂಡ, ಜಪಾನಿನಲ್ಲಿರುವ ಕೊರಿಯನ್ನರ ತಂಡ ಎಲ್ಲವೂ ಆಡಿವೆ. ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರವೇ ಆಗಿರುವ ಟುವಾಲು ಕೂಡ 2018ರಲ್ಲಿ ಅಲ್ಲಿಗೆ ಬಂದಿತ್ತು. ದೇಶವಾಗಿದ್ದರೂ ಫಿಫಾ ಪ್ರವೇಶ ತಾನಾಗಿ ಸಿಗುವುದಿಲ್ಲ ಎಂಬುದಕ್ಕೆ ಅದು ಉದಾಹರಣೆ.

ಕೊನಿಫಾ ರಾಜಕೀಯದಿಂದ ದೂರ ಎಂದು ಹೇಳಿಕೊಳ್ಳುತ್ತದೆ. ಅದರ ಉದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಹೆಸರೇ ವಿವಾದವಾಗಿರುವ ತಂಡಗಳನ್ನು ಸೇರಿಸಿಕೊಂಡ ಮೇಲೆ ರಾಜಕೀಯ ಹೊರಗೆ ನಿಲ್ಲುವುದು ಹೇಗೆ? 2018ರಲ್ಲಿ ಲಂಡನ್ನಿನಲ್ಲಿ ಹದಿನಾರು ತಂಡಗಳ ವಿಶ್ವ ಟೂರ್ನಿ ನಡೆದಾಗ ಗೆದ್ದದ್ದು ಕಾರ್ಪಟಾಲ್ಯ, ಅಂದರೆ ಉಕ್ರೇನಿನ ಪಶ್ಚಿಮ ಅಂಚಿನಲ್ಲಿರುವ ಹಂಗೇರಿಯನ್ ಭಾಷಿಕರ ತಂಡ. ಕಪ್ ಗೆದ್ದು ಬಂದವರಿಗೆ ಉಕ್ರೇನಿನಲ್ಲಿ ಕಾದಿದ್ದದ್ದು ಪ್ರತ್ಯೇಕತಾವಾದದ ಆರೋಪ ಮತ್ತು ತನಿಖೆಯ ಕೂಗು. ಟಿಬೆಟ್ ತಂಡವೂ ಆ ಟೂರ್ನಿಯಲ್ಲಿತ್ತು. ಅದನ್ನು ಕೈಬಿಟ್ಟರೆ ಹಣ ಕೊಡುತ್ತೇವೆ ಎಂದು ಹೇಳಿದ ಪ್ರಾಯೋಜಕರಿದ್ದರು ಎಂದು ಸಂಘಟಕರು ಆಗ ತಿಳಿಸಿದ್ದರು. ಸಂಘಟಕರು ಹಣ ಬಿಟ್ಟರು, ತಂಡವನ್ನು ಉಳಿಸಿಕೊಂಡರು. ಟಿಬೆಟ್ ಅಬ್ಖಾಜಿಯಾಗೆ 0-3, ಕಾರ್ಪಟಾಲ್ಯಗೆ 1-5, ಉತ್ತರ ಸೈಪ್ರಸ್‌ಗೆ 1-3ರಿಂದ ಸೋತಿತು. ಯುರೋಪಿನಲ್ಲಿ ನೆಲೆಸಿರುವ ಟಿಬೆಟಿಯನ್ ಕುಟುಂಬಗಳು ಧ್ವಜ ಹಿಡಿದುಕೊಂಡು ಲಂಡನ್ನಿಗೆ ಬಂದಿದ್ದವು.

ಆ ಧ್ವಜ ಎಷ್ಟು ಭಾರದ್ದು ಎಂಬುದಕ್ಕೆ ಅದಕ್ಕಿಂತ ಕೆಲವು ತಿಂಗಳ ಹಿಂದಿನ ಒಂದು ಘಟನೆ ಇದೆ. 2017ರ ನವೆಂಬರಿನಲ್ಲಿ ಚೀನಾದ 20 ವರ್ಷದೊಳಗಿನವರ ತಂಡ ಜರ್ಮನಿಗೆ ಬಂದು ಅಲ್ಲಿನ ಪ್ರಾದೇಶಿಕ ಲೀಗ್ ತಂಡಗಳ ಜೊತೆ ಸ್ನೇಹಪರ ಪಂದ್ಯಗಳ ಸರಣಿ ಆರಂಭಿಸಿತು. ಮೈಂಜ್ ನಗರದ ಪಂದ್ಯದಲ್ಲಿ ಬೆರಳೆಣಿಕೆಯ ಪ್ರೇಕ್ಷಕರು ಟಿಬೆಟ್ ಧ್ವಜ ಹಿಡಿದರು. ಚೀನಾ ಆಟಗಾರರು ಮೈದಾನದಿಂದ ಹೊರನಡೆದರು, ಧ್ವಜ ಇಳಿದ ಮೇಲೆಯೇ ಮರಳಿದರು. ಮುಂದಿನ ಪಂದ್ಯಗಳು ರದ್ದಾದವು. ಕೆಲವು ಮೊಳ ಬಟ್ಟೆಯೇ ಒಂದು ಸರಣಿಯನ್ನು ನಿಲ್ಲಿಸಬಲ್ಲದು ಎಂದ ಮೇಲೆ, ಹನ್ನೊಂದು ಜನ ಅದನ್ನು ಎದೆಯ ಮೇಲೆ ಧರಿಸಿ ಆಡುವುದು ಎಂಥ ವಿಷಯ ಎಂದು ಊಹಿಸಬಹುದು.

ಹೆಣ್ಣುಮಕ್ಕಳ ತಂಡದ ದಾರಿ ಇನ್ನೂ ಕಡಿದಾದದ್ದು. ಟಿಬೆಟಿಯನ್ ಹುಡುಗಿಯರಿಗೆ ತಂಡ ಎಂಬುದು ಬಂದದ್ದೇ ತೀರ ಈಚೆಗೆ. 2017ರಲ್ಲಿ ಅಮೆರಿಕದ ಡಲ್ಲಾಸ್‌ನ ಟೂರ್ನಿಗೆ ಆಹ್ವಾನ ಸಿಕ್ಕಿತು, ಹುಡುಗಿಯರು ದೆಹಲಿಯ ರಾಯಭಾರ ಕಚೇರಿಯ ಮುಂದೆ ಸಾಲಾಗಿ ನಿಂತರು. ಬಹುತೇಕ ಎಲ್ಲರ ಕೈಯಲ್ಲಿಯೂ ಅದೇ ಹಳದಿ ಪುಸ್ತಕ. ಅಮೆರಿಕಕ್ಕೆ ಹೋಗಲು ತಕ್ಕ ಕಾರಣವಿಲ್ಲ ಎಂದು ವೀಸಾ ನಿರಾಕರಿಸಲಾಯಿತು. ಆಹ್ವಾನ ಪತ್ರ, ಅಭ್ಯಾಸ, ತಿಂಗಳುಗಳ ಕನಸು ಎಲ್ಲವೂ ಒಂದು ಕೌಂಟರಿನ ಮುಂದೆ ಮುಗಿದುಹೋದವು. ಓದಿದಾಗ ನನಗೆ ಸಿಟ್ಟೇ ಬಂತು.

ಈಗ ನಮ್ಮ ಬೈಲಕುಪ್ಪೆಯ ಹುಡುಗನ ಪ್ರಶ್ನೆಗೆ ಮರಳೋಣ. ಅವನು ಭಾರತಕ್ಕೆ ಏಕೆ ಆಡಬಾರದು? ಫಿಫಾ ಪ್ರಕಾರ ಆಡಬೇಕಾದರೆ ಭಾರತದ ಪೌರತ್ವ ಬೇಕು. ನಮ್ಮ ಕಾನೂನಿನಂತೆ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಈ ನೆಲದಲ್ಲಿ ಹುಟ್ಟಿದವರೆಲ್ಲ ಹುಟ್ಟಿನಿಂದಲೇ ಭಾರತೀಯರು, ತಂದೆ ತಾಯಿ ಯಾರೇ ಆಗಿರಲಿ. ಇದು ಟಿಬೆಟಿಯನ್ನರಿಗೂ ಅನ್ವಯಿಸುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು, ಕರ್ನಾಟಕ ಹೈಕೋರ್ಟ್ 2013ರಲ್ಲಿ ಅದೇ ನಿಲುವು ತಳೆಯಿತು. ಆ ಅವಧಿಯಲ್ಲಿ ಹುಟ್ಟಿದವರು ಈಗ ಬೂಟು ಕಳಚಿಟ್ಟ ವಯಸ್ಸಿನವರು. ಆದರೆ ಅಂಥವರ ಮಕ್ಕಳಿಗೆ ತಂದೆ ಅಥವಾ ತಾಯಿಯ ಮೂಲಕ ಬಾಗಿಲು ತೆರೆದುಕೊಳ್ಳಬಹುದು. ಬಾಗಿಲಿಗೆ ಹೊಸ್ತಿಲೂ ಇದೆ. ಭಾರತದ ಪಾಸ್‌ಪೋರ್ಟ್ ಬೇಕಾದರೆ ಆರ್‌ಸಿ, ಐಸಿ ಒಪ್ಪಿಸಬೇಕು, ನಿರಾಶ್ರಿತರಿಗೆ ಮೀಸಲಾದ ವಸತಿಯಲ್ಲಿ ಇರುವಂತಿಲ್ಲ, ಅಲ್ಲಿನ ಸವಲತ್ತು ಪಡೆಯುವಂತಿಲ್ಲ ಎಂದು ಸರ್ಕಾರ 2017ರಲ್ಲಿ ಷರತ್ತು ಹಾಕಿತು. ಹುಟ್ಟಿದ ಮನೆ ಕ್ಯಾಂಪಿನಲ್ಲಿಯೇ ಇರುವ ಹುಡುಗನಿಗೆ ಅದು ಬರೀ ಅರ್ಜಿಯ ಪ್ರಶ್ನೆಯಲ್ಲ. ನಿರಾಶ್ರಿತನಾಗಿ ಉಳಿಯುವುದೇ ಮರಳಿ ಹೋಗುವ ಹಕ್ಕನ್ನು ಉಳಿಸಿಕೊಂಡಂತೆ ಎಂದು ನಂಬುವ ಹಿರಿಯರೂ ಮನೆಯಲ್ಲಿರುತ್ತಾರೆ. ಪಾಸ್‌ಪೋರ್ಟ್ ಪಡೆದವರನ್ನು ದೂಷಿಸಲು ನಾನು ಸಿದ್ಧನಿಲ್ಲ, ಪಡೆಯದವರನ್ನು ಹಟಮಾರಿಗಳೆಂದು ಕರೆಯಲಾರೆ.

ಇದೆಲ್ಲದರ ನಡುವೆ ಟಿಬೆಟ್ ಫುಟ್‌ಬಾಲ್ ಬದುಕಿರುವುದು ಲಂಡನ್ ಅಥವಾ ಕೋಪನ್‌ಹೇಗನ್‌ನಿಂದಲ್ಲ. ದಲೈ ಲಾಮಾ ಅವರ ತಾಯಿ ದಿಕಿ ತ್ಸೆರಿಂಗ್ 1981ರಲ್ಲಿ ತೀರಿಕೊಂಡರು. ಜನ ಅವರನ್ನು ಗ್ಯಾಲ್ಯುಮ್ ಚೆನ್ಮೊ, ಅಂದರೆ ಮಹಾತಾಯಿ ಎಂದು ಕರೆಯುತ್ತಿದ್ದರು. ಅದೇ ವರ್ಷ ಅವರ ನೆನಪಿಗೆ ಆರಂಭವಾದ ಚಿನ್ನದ ಕಪ್ ಟೂರ್ನಿಯಲ್ಲಿ ಭಾರತ ಮತ್ತು ನೇಪಾಳದ ವಸತಿಗಳ ತಂಡಗಳು ಸೇರುತ್ತವೆ, ಆತಿಥ್ಯ ಒಂದೊಂದು ಸಲ ಒಂದೊಂದು ಊರಿಗೆ ಸಿಗುತ್ತದೆ. ಚಳಿಗಾಲದಲ್ಲಿ ಉತ್ತರದ ಊರುಗಳ ಪೇಟೆಗಳಲ್ಲಿ ಸ್ವೆಟರ್ ಮಾರುವ ಯುವಕ, ಬೆಂಗಳೂರಿನ ಕಾಲೇಜಿನಲ್ಲಿ ಓದುವವನು, ಹೊಲ ನೋಡಿಕೊಳ್ಳುವವನು ಎಲ್ಲರೂ ತಮ್ಮ ಕ್ಯಾಂಪಿನ ಜೆರ್ಸಿ ತೊಡುವುದು ಅಲ್ಲಿ. ರಾಷ್ಟ್ರೀಯ ತಂಡಕ್ಕೆ ಆಟಗಾರರು ಕಣ್ಣಿಗೆ ಬೀಳುವುದೂ ಅಲ್ಲಿಯೇ. ಸಂಬಂಧಿಕರು ಭೇಟಿಯಾಗುತ್ತಾರೆ, ಮದುವೆಯ ಮಾತುಕತೆಗಳೂ ನಡೆಯುತ್ತವೆ. ತಂಡಗಳ ನಡುವಿನ ಜಿದ್ದು ಮಾತ್ರ ಯಾವ ಪಕ್ಕಾ ಲೀಗ್‌ಗೂ ಕಡಿಮೆಯಿಲ್ಲ.

ಫಿಫಾದ ಬಾಗಿಲು ಎಂದು ತೆರೆಯುತ್ತದೋ, ಬೈಲಕುಪ್ಪೆಯ ಹುಡುಗ ಅದಕ್ಕಾಗಿ ಕಾಯುತ್ತಾ ಕೂತಿಲ್ಲ. ಅವನ ತಲೆಯಲ್ಲಿರುವುದು ಮುಂದಿನ ಟೂರ್ನಿಯಲ್ಲಿ ಮುಂಡಗೋಡಿನವರ ವಿರುದ್ಧ ಆಡಬೇಕಾದ ಪಂದ್ಯ.